ಫ್ಲೋಟೇಶನ್ ಟ್ಯಾಂಕಿಗೆ ಹೋಗ್ತೀರಾ? ಅವತ್ತು ತಲೆಗೆ ಎಣ್ಣೆ ಬೇಡ

ಮುಂಬಯಿಯಲ್ಲಿ ಡೊಂಬಿವಲಿಯಿಂದ ದಾದರ್‌ಗೆ ದಿನಾ ಲೋಕಲ್ ರೈಲಲ್ಲಿ ನಿಂತೇ ಓಡಾಡುವವರಿಗೆ, ಒಂದು ಗಂಟೆ ಯಾರ ಮೈಯೂ ತಾಗದೆ, ಯಾವ ಸದ್ದೂ ಕೇಳದೆ ಮಲಗುವ ಸುಖ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಫ್ಲೋಟೇಶನ್ ಟ್ಯಾಂಕ್, ಅಂದರೆ ಉಪ್ಪು ನೀರಿನ ಮೇಲೆ ತೇಲುತ್ತ ಮಲಗುವ ಮುಚ್ಚಿದ ತೊಟ್ಟಿ, ಕೊಡುವುದು ಅದನ್ನೇ. ಆದರೆ ಆ ಸುಖದ ಮುಕ್ಕಾಲು ಪಾಲು ಮನೆಯಲ್ಲಿ ಮಾಡಿಕೊಳ್ಳುವ ತಯಾರಿಯಲ್ಲೇ ಇದೆ. ನಾನು ಮೊದಲ ಸಲ ಹೋದಾಗ ಅದೇ ಬೆಳಿಗ್ಗೆ ಕಾಲಿಗೆ ವ್ಯಾಕ್ಸ್ ಮಾಡಿಸಿದ್ದೆ. ನೀರಿಗೆ ಇಳಿದಿದ್ದೇ ತಡ, ಮೊಣಕಾಲಿನ ಕೆಳಗೆಲ್ಲ ಉರಿ. ಅರ್ಧ ಹೊತ್ತು ಅದರಲ್ಲೇ ಹೋಯಿತು.

ಉರಿಗೆ ಕಾರಣ ಉಪ್ಪು. ಹಿರಿಯರು ಭೇದಿ ಉಪ್ಪು ಅಂತಾರಲ್ಲ, ಅದೇ ಎಪ್ಸಮ್ ಸಾಲ್ಟ್, ಅಂದರೆ ಮೆಗ್ನೀಸಿಯಂ ಸಲ್ಫೇಟ್. ಜುಹುವಿನ ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇದ್ದರೆ, ಈ ಟ್ಯಾಂಕಿನ ಒಂದು ಅಡಿಗೂ ಕಡಿಮೆ ಆಳದ ನೀರಿಗೆ ನೂರಾರು ಕಿಲೋ ಉಪ್ಪು ಕರಗಿಸಿರುತ್ತಾರೆ. ನೀರು ಅಷ್ಟು ಭಾರವಾದ್ದರಿಂದ ಈಜು ಬಾರದವರೂ ಸುಮ್ನೆ ಮಲಗಿದರೆ ತೇಲುತ್ತಾರೆ. ನೀರಿನ ಬಿಸಿ ಚರ್ಮದ ಬಿಸಿಯಷ್ಟೇ, ಸುಮಾರು 35 ಡಿಗ್ರಿ. ಸ್ವಲ್ಪ ಹೊತ್ತಿಗೆ ಮೈ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗುವುದಿಲ್ಲ. ಹೊರಗಿನ ಸದ್ದು, ಬೆಳಕು ಎಲ್ಲ ನಿಲ್ಲಿಸಿದರೆ ಮಿದುಳು ಏನು ಮಾಡುತ್ತದೆ ಎಂದು ನೋಡಲು ಅಮೆರಿಕದ ವೈದ್ಯ ಜಾನ್ ಲಿಲ್ಲಿ 1954ರಲ್ಲಿ ಶುರು ಮಾಡಿದ ಪ್ರಯೋಗ ಇದು.

ಈಗ ತಯಾರಿ. ಶೇವಿಂಗ್, ವ್ಯಾಕ್ಸಿಂಗ್, ಥ್ರೆಡಿಂಗ್ ಏನಿದ್ದರೂ ಎರಡು ದಿನ ಮೊದಲೇ ಮುಗಿಸಿ. ತಲೆಗೆ ಬಣ್ಣ ಹಚ್ಚಿದ್ದರೆ, ತೊಳೆದ ನೀರು ತಿಳಿಯಾಗುವ ತನಕ ಟ್ಯಾಂಕಿನ ಯೋಚನೆ ಬಿಡಿ. ನಮ್ಮವರು ಮರೆಯುವುದು ಎಣ್ಣೆಯನ್ನು. ಭಾನುವಾರ ಎಣ್ಣೆ ಸ್ನಾನದ ರೂಢಿ ಇದ್ದರೆ ಅವತ್ತು ಬಿಡಲೇಬೇಕು. ಆ ನೀರನ್ನು ದಿನಾ ಚೆಲ್ಲುವುದಿಲ್ಲ, ಫಿಲ್ಟರ್ ಮಾಡಿ ಮತ್ತೆ ಬಳಸುತ್ತಾರೆ. ನಿಮ್ಮ ಕೊಬ್ಬರಿ ಎಣ್ಣೆ ಮುಂದೆ ಬರುವವರ ಮೈಗೆ ಅಂಟಬಾರದು, ಅಲ್ವಾ?

ಊಟ ಒಂದೂವರೆ ಗಂಟೆ ಮೊದಲು, ಅದೂ ಹಗುರವಾಗಿ. ಎರಡು ಇಡ್ಲಿ ಸಾಕು. ಮಾಟುಂಗಾದಲ್ಲಿ ಇಳಿದರೆ ಫಿಲ್ಟರ್ ಕಾಫಿ ಕುಡಿಯದೆ ಬರುವುದು ಕಷ್ಟ, ನನಗೆ ಗೊತ್ತು. ಆದರೂ ಅದನ್ನು ವಾಪಸ್ ಬರುವಾಗ ಕುಡಿಯಿರಿ. ಕಾಫಿ ಕುಡಿದು ಮಲಗಿದರೆ ಎದೆಬಡಿತವೇ ಕಿವಿ ತುಂಬುತ್ತದೆ.

ಮೂರ್ಛೆ ರೋಗ, ಕಿಡ್ನಿ ತೊಂದರೆ, ತೀರಾ ಕಡಿಮೆ ಬಿಪಿ ಇರುವವರು, ಗರ್ಭಿಣಿಯರು ಮೊದಲು ಡಾಕ್ಟರನ್ನು ಕೇಳಲೇಬೇಕು. ತೆರೆದ ಗಾಯ, ಚರ್ಮದ ಸೋಂಕು ಇದ್ದರೆ ಮುಂದೂಡಿ.

ಅಲ್ಲಿಗೆ ಹೋದ ಮೇಲೆ ಒಡವೆ, ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ. ಕಿವಿಯ ಪ್ಲಗ್ ಸ್ನಾನಕ್ಕೆ ಮೊದಲೇ ಹಾಕಿ, ಒದ್ದೆ ಕಿವಿಯಲ್ಲಿ ಅದು ನಿಲ್ಲುವುದಿಲ್ಲ. ಸಣ್ಣ ಗೀರು, ಸೊಳ್ಳೆ ಕಚ್ಚಿ ಕೆರೆದ ಜಾಗಕ್ಕೆ ವ್ಯಾಸಲೀನ್ ಸವರಿ. ಸೋಪು ಹಚ್ಚಿ ಚೆನ್ನಾಗಿ ಸ್ನಾನ ಮಾಡಿ, ಮುಖ ಒರೆಸಿಕೊಂಡು ಇಳಿಯಿರಿ. ಹಣೆಯ ಮೇಲೆ ಉಳಿದ ಒಂದು ಹನಿ ಮೂಗಿನ ಪಕ್ಕ ಇಳಿಯುವಾಗ ಕೈ ತಾನಾಗಿ ಮೇಲೆ ಬರುತ್ತದೆ. ಆ ಕೈಯಲ್ಲಿರುವ ಉಪ್ಪು ಕಣ್ಣಿಗೆ ಹೋದರೆ ಮೆಣಸಿನಕಾಯಿ ತಾಗಿದ ಹಾಗೆ. ಆದ್ದರಿಂದ ಒಣ ಟವೆಲ್, ಸಾದಾ ನೀರಿನ ಬಾಟಲಿ ಕೈಗೆಟುಕುವ ಹಾಗಿರಲಿ.

ಮೊದಲ ಹತ್ತು ನಿಮಿಷ ಕತ್ತು ಸೆಟೆದುಕೊಂಡೇ ಇರುತ್ತದೆ. ತಲೆಯನ್ನು ನಾವೇ ಹೊತ್ತಿರಬೇಕು ಅನ್ನುವ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. ಕೈ ಎರಡನ್ನೂ ತಲೆಯ ಆಚೀಚೆ ಮೇಲಕ್ಕೆ ಚಾಚಿ, ಕಿವಿ ಮುಳುಗಲು ಬಿಡಿ. ಆಗದಿದ್ದರೆ ಕತ್ತಿಗೆ ಇಡುವ ರಿಂಗ್ ಕೇಳಿ. ಕತ್ತಲೆ ಅಂದರೆ ಭಯವೇ? ಬಾಗಿಲು ತೆರೆದೇ ಇಡಿ, ದೀಪ ಇರಲಿ. ಬೇಕೆಂದಾಗ ಎದ್ದು ಕೂರಬಹುದು.

ಹೊರಬಂದಾಗ ಮೊಣಕೈ ಮೇಲೆ ಉಪ್ಪಿನಕಾಯಿ ಭರಣಿಯ ಬಾಯಿಯ ಹಾಗೆ ಬೆಳ್ಳನೆ ಉಪ್ಪು ಕಟ್ಟಿರುತ್ತದೆ. ತಲೆಯಿಂದ ಕಾಲಿನವರೆಗೆ ತೊಳೆದು, ನೀರು ಕುಡಿದು, ಕಾಲು ಗಂಟೆ ಕೂತೇ ಹೊರಡಿ. ಬುಕ್ ಮಾಡುವಾಗ ವಾಪಸ್ ಬರುವ ಗಾಡಿಯನ್ನೂ ಲೆಕ್ಕ ಹಾಕಿ. ಸಂಜೆ ಆರರ ಡೊಂಬಿವಲಿ ಲೋಕಲ್ ಖಂಡಿತ ಬೇಡ. ಮಧ್ಯಾಹ್ನದ ಹೊತ್ತು ಒಳ್ಳೆಯದು. ಭಾನುವಾರವಾದರೆ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗೆ ಲೋಕಲ್ ನಿಲ್ಲಿಸುವುದು, ಯಾವ ಲೈನಲ್ಲಿ ಅಂತ ಶನಿವಾರ ರಾತ್ರಿಯೇ ನೋಡಿಟ್ಟುಕೊಳ್ಳಿ.