ಬಟಾಟೆ ಸಾಲಿಗೆ ಮಿನಿ ಟ್ರ್ಯಾಕ್ಟರ್‌ನಿಂದ ಮಣ್ಣು ಏರಿಸುವುದು: ಟೇಪು ಹಿಡಿಯಬೇಕಾದ್ದು ನಾಟಿಗೂ ಮೊದಲು

ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯಲ್ಲಿ ನಮ್ಮ ಗದ್ದೆ. ಭತ್ತ ಕೊಯ್ದ ಮೇಲೆ ಅರ್ಧ ಎಕರೆಯಲ್ಲಿ ಬಟಾಟೆ ಹಾಕುತ್ತೇವೆ. ಹಾಸನದ ಕಡೆ ಮುಂಗಾರಿನಲ್ಲೇ ಹಾಕುತ್ತಾರೆ, ನಮ್ಮ ಮಳೆಗೆ ಅದು ಆಗದ ಮಾತು, ಬೀಜದ ಗಡ್ಡೆ ಮಣ್ಣಲ್ಲೇ ಕೊಳೆತು ಹೋಗುತ್ತದೆ. ನಮ್ಮಲ್ಲಿ ನವೆಂಬರ್‌ನಲ್ಲಿ ನಾಟಿ ಮಾಡಿ, ಚಳಿಯಲ್ಲಿ ಗಡ್ಡೆ ಕಟ್ಟಿಸಿ, ಫೆಬ್ರವರಿಯಲ್ಲಿ ಕೀಳಬೇಕು.

ತೊಂದರೆ ಶುರುವಾಗುವುದು ಡಿಸೆಂಬರ್‌ನಲ್ಲಿ. ಗಿಡ ಒಂದು ಗೇಣು ಬಂದು ಬುಡಕ್ಕೆ ಮಣ್ಣು ಕೇಳುವ ಹೊತ್ತಿಗೆ ಸರಿಯಾಗಿ ಊರಿನಲ್ಲಿ ಅಡಿಕೆ ಕೊಯ್ಲು ನಡೆದಿರುತ್ತದೆ. ಗುದ್ದಲಿ ಹಿಡಿಯಲು ಒಬ್ಬರೂ ಸಿಗುವುದಿಲ್ಲ. ಮೊದಲ ವರ್ಷ ಮನೆಯವರೇ ಸೇರಿ ಏರಿಸಿದೆವು, ಆರು ದಿನ ಹಿಡಿಯಿತು, ಕೊನೆಯ ಸಾಲು ಮುಗಿಯುವಾಗ ಮೊದಲ ಸಾಲಿನಲ್ಲಿ ಮತ್ತೆ ಕಳೆ ಎದ್ದಿತ್ತು. ಎರಡನೇ ವರ್ಷ ಮಿನಿ ಟ್ರ್ಯಾಕ್ಟರ್ ಬಾಡಿಗೆಗೆ ತಂದೆ. ಆದರೆ ನಾಟಿ ಮಾಡಿದ್ದು ಹಳೇ ರೂಢಿಯಂತೆ, ಹಗ್ಗ ಕಟ್ಟಿ ಒಂದೂವರೆ ಅಡಿಗೆ ಒಂದು ಸಾಲು. ಟ್ರ್ಯಾಕ್ಟರ್ ಗದ್ದೆಗೆ ಇಳಿದಾಗಲೇ ಗೊತ್ತಾಯಿತು, ಚಕ್ರ ಇಡಲು ಜಾಗವೇ ಇಲ್ಲ. ಎರಡು ಸಾಲು ಉಳಿಸಲು ಹೋದರೆ ಮೂರನೆಯದು ಟೈರಿನ ಕೆಳಗೆ. ಹೂ ಬರಲು ತಯಾರಾಗಿದ್ದ ಗಿಡಗಳು ಮಣ್ಣಿಗೆ ಅಂಟಿ ಬಿದ್ದಿದ್ದನ್ನು ನೋಡಿ ಗಾಡಿ ವಾಪಸ್ ಕಳಿಸಿದೆ.

ಆಮೇಲೆ ಅರ್ಥವಾಗಿದ್ದು ಇಷ್ಟು: ಟ್ರ್ಯಾಕ್ಟರ್‌ನಲ್ಲಿ ಮಣ್ಣು ಏರಿಸುವ ಕೆಲಸ ನಾಟಿಯ ದಿನವೇ ಮುಕ್ಕಾಲು ತೀರ್ಮಾನವಾಗಿ ಹೋಗಿರುತ್ತದೆ. ಹಾಗಾಗಿ ಅಲ್ಲಿಂದಲೇ ಹೇಳುತ್ತೇನೆ.

ಮೊದಲು, ಮಣ್ಣು ಯಾಕೆ ಏರಿಸಬೇಕು ಅಂತ ತಿಳಿದಿರಲಿ, ಆಗ ಎಷ್ಟು ಏರಿಸಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ. ಬಟಾಟೆ ಬೇರಿನಲ್ಲಿ ಬಿಡುವುದಲ್ಲ. ಮಣ್ಣಿನೊಳಗಿರುವ ಕಾಂಡದಿಂದ ಬಿಳಿ ಎಳೆಗಳು ಅಡ್ಡಕ್ಕೆ ಹೊರಡುತ್ತವೆ, ಅದರ ತುದಿ ಊದಿಕೊಂಡು ಗಡ್ಡೆಯಾಗುತ್ತದೆ. ನಾಟಿಯಾಗಿ ತಿಂಗಳು ಕಳೆದ ಮೇಲೆ ಒಂದು ಗಿಡದ ಬುಡವನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ ನೋಡಿ. ನೂಲಿನಂಥ ಎಳೆ, ಅದರ ತುದಿಯಲ್ಲಿ ಕಾಳುಮೆಣಸಿನಷ್ಟು ಚಿಕ್ಕ ಗಂಟು. ಅದೆಲ್ಲ ಇರುವುದು ನೆಟ್ಟ ಬೀಜಕ್ಕಿಂತ ಮೇಲೆ, ನೆಲಕ್ಕೆ ಹತ್ತಿರವೇ. ಹಾಗೇ ಬಿಟ್ಟರೆ ದಪ್ಪವಾಗುತ್ತಾ ಹೊರಗೆ ಇಣುಕುತ್ತವೆ. ಬೆಳಕು ಬಿದ್ದ ಗಡ್ಡೆ ಹಸಿರಾಗುತ್ತದೆ, ಜೊತೆಗೆ ಸೋಲನಿನ್ ಅನ್ನೋ ಕಹಿ ವಿಷ ಸೇರಿಕೊಳ್ಳುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಗಡ್ಡೆ ಕೊರೆಯುವ ಪತಂಗ ಹೀಗೆ ಹೊರಗೆ ಕಾಣುವ ಗಡ್ಡೆಯ ಮೇಲೂ ಮೊಟ್ಟೆ ಇಡುತ್ತದೆ. ಅಂಗಮಾರಿ ಬಂದ ಎಲೆಯಿಂದ ರೋಗ ನೀರಿನ ಜೊತೆ ಇಳಿದು ಗಡ್ಡೆ ಮುಟ್ಟುವುದನ್ನು ತಡೆಯುವುದೂ ಮೇಲಿನ ಮಣ್ಣೇ.

ಈಗ ಟೇಪು ಹಿಡಿಯಿರಿ. ಯಾವ ಟ್ರ್ಯಾಕ್ಟರ್ ಬರುತ್ತದೋ ಅದರ ಹಿಂದಿನ ಚಕ್ರಗಳನ್ನೇ ಅಳೆಯಬೇಕು, ಒಂದು ಟೈರಿನ ನಡುವಿನಿಂದ ಇನ್ನೊಂದು ಟೈರಿನ ನಡುವಿಗೆ. ಮುಂದಿನ ಚಕ್ರವೂ ಹೆಚ್ಚುಕಡಿಮೆ ಅದೇ ಸಾಲಿನಲ್ಲಿ ಓಡುತ್ತದಾ ನೋಡಿಕೊಳ್ಳಿ. ಅಂತರ 120 ಸೆಂ.ಮೀ. ಇದ್ದರೆ 60 ಸೆಂ.ಮೀ.ಗೆ ಒಂದು ಸಾಲು ಹಾಕಬಹುದು, ಎರಡು ಸಾಲು ಹೊಟ್ಟೆಯ ಕೆಳಗೆ ಹೋಗುತ್ತವೆ, ಚಕ್ರಗಳು ಆಚೀಚೆಯ ಕಾಲುವೆಯಲ್ಲಿ, ಅಂದರೆ ಸಾಲುಗಳ ನಡುವಿನ ತಗ್ಗಿನಲ್ಲಿ, ಓಡುತ್ತವೆ. ನಾನು ತರುವುದು ಸಣ್ಣ ಗಾಡಿ, 90 ಸೆಂ.ಮೀ. ಇದೆ, ಟೈರಿನ ಅಗಲ 20. ಇದಕ್ಕೆ 60ರ ಸಾಲು ಹೊಂದುವುದೇ ಇಲ್ಲ. 45ರಲ್ಲಿ ಎರಡು ಸಾಲು ಹಾಕಿದರೆ ಏರಿಸಲು ಮಣ್ಣು ಎಲ್ಲಿಂದ ಬರಬೇಕು? ಹಾಗಾಗಿ ಸಾಲಿಂದ ಸಾಲಿಗೆ 90 ಸೆಂ.ಮೀ., ಒಂದೇ ಸಾಲು ನಡುವೆ. ಕೆಲವು ಗಾಡಿಗಳಲ್ಲಿ ಹಿಂದಿನ ಚಕ್ರ ಬಿಚ್ಚಿ ರಿಮ್ ತಿರುಗಿಸಿ ಹಾಕಿದರೆ ಅಂತರ ಬದಲಾಗುತ್ತದೆ, ಮಾಲೀಕರನ್ನು ಕೇಳಿ.

90 ಅಂದರೆ ಜಾಗ ದಂಡ ಅಂತ ನಮ್ಮ ಅಪ್ಪಯ್ಯ ಬಹಳ ಬೇಜಾರು ಮಾಡಿಕೊಂಡರು. ಕೂತು ಲೆಕ್ಕ ಹಾಕಿದೆವು. 60 ಸೆಂ.ಮೀ. ಸಾಲಿನಲ್ಲಿ 20 ಸೆಂ.ಮೀ.ಗೆ ಒಂದು ಗಿಡ ಅಂದರೆ ಎಕರೆಗೆ ಸುಮಾರು 33,700 ಗಿಡ. 90ರ ಸಾಲಿನಲ್ಲಿ 15 ಸೆಂ.ಮೀ.ಗೆ ಒಂದು ಇಟ್ಟರೆ ಸುಮಾರು 30,000. ಕಡಿಮೆಯಾಗಿದ್ದು ಅಷ್ಟೇ. ಬದಲಿಗೆ ಪ್ರತಿ ಸಾಲಿಗೂ ಎರಡು ಕಡೆಯಿಂದ ಧಾರಾಳ ಮಣ್ಣು ಸಿಗುತ್ತದೆ.

ಸಾಲು ಗುರುತು ಮಾಡಲು ಹಗ್ಗ ಬೇಡ, ಅದೇ ಟ್ರ್ಯಾಕ್ಟರ್ ಬಳಸಿ. ರೋಟಾವೇಟರ್ ಹೊಡೆದು ಕೂಳೆ ಪುಡಿಯಾಗಿ, ಹೆಂಟೆ ಒಡೆದ ಮೇಲೆ, ಎರಡು ಬೋದು ನೇಗಿಲನ್ನು (ಮಣ್ಣನ್ನು ಎರಡೂ ಪಕ್ಕಕ್ಕೆ ಸರಿಸುವ ನೇಗಿಲು) ಚಕ್ರದ ನೇರಕ್ಕೆ ಕಟ್ಟಿ ಖಾಲಿ ಗದ್ದೆಯಲ್ಲಿ ತೆಳ್ಳಗೆ ಗೆರೆ ಎಳೆಸಿ. ವಾಪಸ್ ಬರುವಾಗ ಒಂದು ಚಕ್ರ ಹಿಂದಿನ ಗೆರೆಯಲ್ಲೇ ಓಡಬೇಕು. ಹೀಗೆ ಮಾಡಿದರೆ ಇಡೀ ಗದ್ದೆಗೆ ಯಂತ್ರದ ಅಳತೆಯೇ ಬಂದು ಕೂರುತ್ತದೆ. ಗೆರೆಗಳು ಚಕ್ರದ ದಾರಿ. ಎರಡು ಗೆರೆಗಳ ನಟ್ಟನಡುವೆ ಕೈಯಲ್ಲಿ ಸಣ್ಣ ಸಾಲು ತೆಗೆದು, ಮೊಳಕೆ ಬಂದ ಬೀಜವನ್ನು 5ರಿಂದ 7 ಸೆಂ.ಮೀ. ಆಳಕ್ಕೆ ಇಡಿ. ಗದ್ದೆಯ ಎರಡೂ ತುದಿಯಲ್ಲಿ ತಿರುಗಿಸಲು 3ರಿಂದ 4 ಮೀಟರ್ ಖಾಲಿ ಬಿಡಿ. ನಮ್ಮ ಗದ್ದೆಗಳು ಚಿಕ್ಕವು, ಆ ಜಾಗ ಬಿಡಲು ಹೊಟ್ಟೆ ಉರಿಯುತ್ತದೆ, ಆದರೂ ಬಿಡಿ. ಸಾಲುಗಳು ಉದ್ದದ ಕಡೆಗೇ ಇರಲಿ, ತಿರುಗುವುದು ಕಡಿಮೆಯಾಗುತ್ತದೆ.

ಇನ್ನು ಉಪಕರಣ. 15ರಿಂದ 20 ಎಚ್‌ಪಿ ಗಾಡಿಗೆ ಎರಡು ಬೋದು ನೇಗಿಲಿನ ರಿಡ್ಜರ್ ಸಾಕು. ನಡುವೆ ಚೂಪು ಮೂತಿ, ಎರಡೂ ಕಡೆ ರೆಕ್ಕೆ ಇರುವಂಥದ್ದು. ರೆಕ್ಕೆಯನ್ನು ಅಗಲ ಕಿರಿದು ಮಾಡಲು ತೂತುಗಳಿರುತ್ತವೆ, ಅದು ಇಲ್ಲದ್ದನ್ನು ತರಬೇಡಿ. ಕೂಳೆ, ಹುಲ್ಲು ಜಾಸ್ತಿ ಇರುವ ಗದ್ದೆಗೆ ಡಿಸ್ಕ್ ಜೋಡಿ ವಾಸಿ, ಕಸ ಸಿಕ್ಕಿಕೊಳ್ಳುವುದಿಲ್ಲ, ಉರುಳುತ್ತಾ ಕತ್ತರಿಸಿಕೊಂಡು ಹೋಗುತ್ತದೆ. ಡಿಸ್ಕಿನ ಮುಂದಿನ ಅಂಚು ಹೊರಗೆ, ಹಿಂದಿನ ಅಂಚು ಸಾಲಿನ ಕಡೆ ಇರಬೇಕು, ತಿರುವುಮುರುವಾದರೆ ಬುಡದ ಮಣ್ಣನ್ನೇ ಎಳೆದು ಹೊರಗೆ ಹಾಕುತ್ತದೆ. ಎರಡೂ ಇಲ್ಲ, ಬರೀ ಕಲ್ಟಿವೇಟರ್ ಇದೆ ಅನ್ನುವವರು ಸಾಲಿನ ಮೇಲೆ ಬರುವ ಹಲ್ಲುಗಳನ್ನು ಬಿಚ್ಚಿ ತೆಗೆದು ಎಡೆ ಹೊಡೆಯಬಹುದು, ಕಳೆ ಹೋಗುತ್ತದೆ, ಆದರೆ ಮಣ್ಣು ಏರುವುದು ಕಡಿಮೆ, ಹಿಂದೆ ಗುದ್ದಲಿ ಹಿಡಿದು ಒಬ್ಬರು ಬರಲೇಬೇಕು. ಕೊಳ್ಳುವ ಮೊದಲು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ರಿಡ್ಜರ್ ಬಾಡಿಗೆಗೆ ಇದೆಯಾ ವಿಚಾರಿಸಿ.

ಕಟ್ಟುವಾಗ ಆತುರ ಬೇಡ. ಗದ್ದೆಗೆ ಇಳಿಸುವ ಮೊದಲು ಅಂಗಳದಲ್ಲೇ ಕಟ್ಟಿ ನೋಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ನಿಧಾನ ಇಳಿಸಿದಾಗ ಎರಡೂ ಮೂತಿ ಒಟ್ಟಿಗೇ ನೆಲ ಮುಟ್ಟಬೇಕು. ಒಂದು ಮೊದಲು ಮುಟ್ಟಿದರೆ ಬಲಗಡೆಯ ಎತ್ತುವ ರಾಡಿನ ತಿರುಪು ತಿರುಗಿಸಿ ಸರಿ ಮಾಡಿ. ಟ್ರ್ಯಾಕ್ಟರಿಗೂ ರಿಡ್ಜರಿಗೂ ನಡುವೆ ಮೇಲ್ಗಡೆ ಇರುವ ರಾಡು, ಅಂದರೆ ಟಾಪ್ ಲಿಂಕ್, ಗಿಡ್ಡ ಮಾಡಿದರೆ ಮೂತಿ ಕೆಳಗೆ ಬಗ್ಗಿ ಆಳಕ್ಕೆ ಕಚ್ಚುತ್ತದೆ, ಉದ್ದ ಮಾಡಿದರೆ ತೇಲುತ್ತದೆ. ಆಮೇಲೆ ಪಕ್ಕದ ಚೈನು. ಇದನ್ನು ಜಾಸ್ತಿ ಜನ ನೋಡುವುದೇ ಇಲ್ಲ. ರಿಡ್ಜರ್ ಹಿಡಿದು ಆಚೀಚೆ ಅಲ್ಲಾಡಿಸಿ, ಎರಡು ಬೆರಳಿಗಿಂತ ಜಾಸ್ತಿ ಓಲಾಡಿದರೆ ಚೈನು ಬಿಗಿ ಮಾಡಿ. ಉಳುವಾಗ ಓಲಾಡಿದರೆ ನಡೆಯುತ್ತದೆ, ಇಲ್ಲಿ ಪಕ್ಕದಲ್ಲೇ ಗಿಡ ಇರುತ್ತದೆ. ಕೆಳಗೆ ಕೈ ಹಾಕುವ ಕೆಲಸವಿದ್ದರೆ ರಿಡ್ಜರ್ ನೆಲಕ್ಕೆ ಇಳಿಸಿ, ಇಂಜಿನ್ ಬಂದ್ ಮಾಡಿಯೇ ಕೈ ಹಾಕಿ. ಎತ್ತಿ ನಿಲ್ಲಿಸಿದ ಉಪಕರಣದ ಕೆಳಗೆ ಯಾವತ್ತೂ ಹೋಗಬೇಡಿ.

ಮೊದಲ ಸಲ ಏರಿಸುವುದು ನಾಟಿಯಾಗಿ 25ರಿಂದ 30 ದಿನಕ್ಕೆ, ಗಿಡ 15ರಿಂದ 20 ಸೆಂ.ಮೀ. ಎತ್ತರ ಇದ್ದಾಗ. ಹಿಂದಿನ ದಿನ, ನಾಟಿಗೆ ಅರ್ಧ ಕೊಟ್ಟು ಉಳಿಸಿಕೊಂಡ ಇನ್ನರ್ಧ ಸಾರಜನಕದ ಗೊಬ್ಬರವನ್ನು ಸಾಲಿನ ಪಕ್ಕ, ಎಲೆಗೆ ತಾಗದ ಹಾಗೆ ಹಾಕಿಡಿ, ಮಣ್ಣು ಬಂದು ತಾನೇ ಮುಚ್ಚುತ್ತದೆ. ಮಣ್ಣಿನ ಹದ ನೋಡಲು ಒಂದು ಮುಷ್ಟಿ ಹಿಡಿದು ಗಟ್ಟಿಯಾಗಿ ಅದುಮಿ, ಸೊಂಟದ ಎತ್ತರದಿಂದ ಬಿಡಿ. ಉಂಡೆ ಒಡೆದು ಪುಡಿಯಾದರೆ ಹದ ಬಂದಿದೆ. ಹಾಗೇ ಉಂಡೆಯಾಗಿ ಬಿದ್ದಿದ್ದರೆ ಇನ್ನೊಂದು ದಿನ ಕಾಯಿರಿ, ಹಸಿ ಮಣ್ಣು ಏರಿಸಿದರೆ ಒಣಗಿ ಇಟ್ಟಿಗೆಯಾಗುತ್ತದೆ, ಗಡ್ಡೆ ಅದರೊಳಗೆ ಸೊಟ್ಟ ಬೆಳೆಯುತ್ತದೆ. ಬೆಳಿಗ್ಗೆ ಇಬ್ಬನಿ ಇರುವಾಗಲೂ ಇಳಿಯಬೇಡಿ. ಒದ್ದೆ ಎಲೆ ಸವರಿಕೊಂಡು ಹೋದರೆ ಒಂದು ಗಿಡದ ರೋಗ ಇಡೀ ಸಾಲಿಗೆ ಹರಡುತ್ತದೆ. ನಾವು ಹತ್ತು ಗಂಟೆಯ ಮೇಲೇ ಗಾಡಿ ಇಳಿಸುವುದು.

ಓಡಿಸುವುದು ಕಡಿಮೆ ಗೇರಿನಲ್ಲಿ, ಪಕ್ಕದಲ್ಲಿ ಒಬ್ಬರು ಆರಾಮಾಗಿ ನಡೆದುಕೊಂಡು ಬರುವಷ್ಟು ನಿಧಾನ. ಜೋರಾಗಿ ಹೋದರೆ ಮಣ್ಣು ಹಾರಿ ಗಿಡದ ತಲೆಯನ್ನೇ ಮುಚ್ಚುತ್ತದೆ. ರೆಕ್ಕೆ ಕಿರಿದಾಗಿರಲಿ, ಆಳ 10 ಸೆಂ.ಮೀ. ಸಾಕು. ಹತ್ತು ಹೆಜ್ಜೆ ಹೋಗಿ ನಿಲ್ಲಿಸಿ, ಇಳಿದು ನೋಡಿ. ಬುಡಕ್ಕೆ ಮಣ್ಣು ಬಂದು ಅಪ್ಪಿಕೊಂಡಿರಬೇಕು, ಮೇಲಿನ ಎಲೆಗಳು ಹೊರಗೇ ಇರಬೇಕು, ಆಚೀಚೆ ಬಿಳಿ ಎಳೆ ಕಿತ್ತು ಬಂದಿರಬಾರದು. ಬಿಳಿ ಎಳೆ ಕಂಡರೆ ನೇಗಿಲು ಗಿಡಕ್ಕೆ ತೀರಾ ಹತ್ತಿರ ಇದೆ ಅಂತ ಅರ್ಥ, ಕ್ಲಾಂಪ್ ಸಡಿಲಿಸಿ ಎರಡು ಬೆರಳು ಹೊರಗೆ ಸರಿಸಿ. ಸರಿಯಾದ ಮೇಲೆ ಹೈಡ್ರಾಲಿಕ್ ಲಿವರ್ ಎಲ್ಲಿದೆಯೋ ಅಲ್ಲಿಗೆ ಚಾಕ್‌ಪೀಸಿನಿಂದ ಗುರುತು ಹಾಕಿ, ಪ್ರತಿ ಸಾಲಿಗೂ ಅಲ್ಲಿಗೇ ಇಳಿಸಿ.

ಈಗ ನನಗೆ ಬಹಳ ಉಪಯೋಗವಾದ ಮಾತು: ಒಂದು ಸಾಲು ಬಿಟ್ಟು ಒಂದು ಸಾಲು ಓಡಿಸಿ. ಎರಡು ರೆಕ್ಕೆಯ ನೇಗಿಲು ಆಚೆಗೂ ಈಚೆಗೂ ಮಣ್ಣು ಹಾಕುತ್ತದಲ್ವಾ, ಹಾಗಾಗಿ ಒಂದನೇ ಸಾಲಿನ ಮೇಲೆ ಹೋದಾಗ ಎರಡನೇ ಸಾಲಿನ ಒಂದು ಮಗ್ಗುಲಿಗೂ ಮಣ್ಣು ಬಿದ್ದಿರುತ್ತದೆ. ಮೂರನೇ ಸಾಲಿನಲ್ಲಿ ಹೋದರೆ ಎರಡನೆಯದರ ಇನ್ನೊಂದು ಮಗ್ಗುಲೂ ಮುಗಿಯಿತು. ಅರ್ಧ ಓಡಾಟ, ಅರ್ಧ ಡೀಸೆಲ್. ತಿರುಗಿಸಲು ಅಗಲ ಜಾಗವೂ ಸಿಗುತ್ತದೆ, ಹಾಳಿಯ (ಗದ್ದೆಯ ಬದುವಿನ) ಹತ್ತಿರ ಒದ್ದಾಡಬೇಕಿಲ್ಲ. ಸಾಲಿನ ತುದಿಯಲ್ಲಿ ಮೊದಲು ರಿಡ್ಜರ್ ಎತ್ತಿ, ಆಮೇಲೆ ಸ್ಟೇರಿಂಗ್ ತಿರುಗಿಸಿ. ಹಾಳಿಯ ಅಂಚಿಗೆ ಚಕ್ರ ತರಲೇಬೇಡಿ. ಕೆಳಗಿನ ಗದ್ದೆ ಎರಡು ಮೂರು ಅಡಿ ತಗ್ಗಿನಲ್ಲಿರುತ್ತದೆ, ಅಂಚು ಕುಸಿದರೆ ಸಣ್ಣ ಗಾಡಿ ಮಗುಚಲು ಒಂದು ಕ್ಷಣ ಸಾಕು. ಅಂಚಿನ ಕೊನೆಯ ಸಾಲಿಗೆ ಗುದ್ದಲಿಯೇ ಗತಿ. ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸಿಕೊಳ್ಳುವುದೂ ಬೇಡ.

ಎರಡನೇ ಸಲ ಮತ್ತೆ 15 ದಿನ ಬಿಟ್ಟು, ಎದುರುಬದುರು ಸಾಲಿನ ಸೊಪ್ಪು ಕೂಡಿಕೊಳ್ಳುವ ಮೊದಲು. ಈ ಸಲ ರೆಕ್ಕೆ ಅಗಲ ಮಾಡಿ, ಆದರೆ ಆಳ ಹೆಚ್ಚಿಸಬೇಡಿ, ಬೇರು ಅಷ್ಟು ಹೊತ್ತಿಗೆ ಕಾಲುವೆಯ ತನಕ ಬಂದಿರುತ್ತದೆ. ಏರಿಸಿದ ಮಣ್ಣಿನ ದಿಬ್ಬ, ಅಂದರೆ ಏರಿ, ಕಾಲುವೆಯ ತಳದಿಂದ 20ರಿಂದ 25 ಸೆಂ.ಮೀ. ಎತ್ತರ ನಿಂತರೆ ಚೆನ್ನ. ತಲೆ ಚೂಪಾಗಿರುವುದಕ್ಕಿಂತ ಸ್ವಲ್ಪ ಅಗಲವಾಗಿರಲಿ, ಚೂಪು ಏರಿ ನೀರಿಗೆ ಜರಿದು ಹೋಗುತ್ತದೆ. ಸೊಪ್ಪು ಕೂಡಿಕೊಂಡ ಮೇಲೆ ಎಷ್ಟೇ ಕಳೆ ಕಂಡರೂ ಟ್ರ್ಯಾಕ್ಟರ್ ಇಳಿಸಬೇಡಿ, ಕೈಯಲ್ಲೇ ಕೀಳಿ.

ಅಂಕೋಲಾ, ಕಾರವಾರ ಕಡೆಯ ಮರಳು ಮಣ್ಣಿನಲ್ಲಿ ಏರಿ ನಿಲ್ಲುವುದು ಕಷ್ಟ, ಅಲ್ಲಿ ಕೊಟ್ಟಿಗೆ ಗೊಬ್ಬರ ಜಾಸ್ತಿ ಕೊಟ್ಟು, ಸ್ವಲ್ಪ ತೇವ ಇರುವಾಗಲೇ ಏರಿಸಬೇಕು. ಗದ್ದೆಯಲ್ಲಿ ಶೇಂಗಾ ಹಾಕುವವರಿಗೂ ಇದೇ ಅಳತೆಯ ಲೆಕ್ಕ ಬರುತ್ತದೆ, ಆದರೆ ಶೇಂಗಾದ ಸೂಜಿ (ಹೂವಿನಿಂದ ಕೆಳಗಿಳಿದು ಕಾಯಿ ಕಟ್ಟುವ ಎಳೆ) ಮಣ್ಣಿಗೆ ಇಳಿಯುವ ಮೊದಲೇ ಕೆಲಸ ಮುಗಿದಿರಬೇಕು.

ಗಾಡಿ ಬೇರೆಯವರ ಗದ್ದೆಯಿಂದ ಬಂದದ್ದಾದರೆ ಒಳಗೆ ಬಿಡುವ ಮೊದಲು ಟೈರು, ನೇಗಿಲು ತೊಳೆಸಿ. ಟೊಮೆಟೊ, ಬದನೆ ಸೊರಗಿದ ಜಾಗದ ಮಣ್ಣು ಅಂಟಿಕೊಂಡು ಬಂದರೆ ಅದೇ ಸೊರಗು ರೋಗ ಬಟಾಟೆಗೂ ಹತ್ತುತ್ತದೆ.

ಏರಿಸಿದ ಎರಡು ದಿನಕ್ಕೆ ನೀರು ಬಿಡಿ, ಏರಿಯ ಅರ್ಧದವರೆಗೆ ಮಾತ್ರ, ತಲೆಯ ಮೇಲೆ ಹತ್ತಬಾರದು. ಆಮೇಲೆ ವಾರಕ್ಕೊಮ್ಮೆ ಸಾಲಿನ ಉದ್ದಕ್ಕೂ ನಡೆದು ನೋಡಿ. ಗಡ್ಡೆ ದಪ್ಪವಾದ ಹಾಗೆ ಏರಿಯ ತಲೆ ಬಿರಿಯುತ್ತದೆ, ಕೆಲವು ಕಡೆ ಬಿರುಕಿನೊಳಗೆ ಬಟಾಟೆಯ ಸಿಪ್ಪೆ ಕಾಣುತ್ತದೆ. ಅಲ್ಲೇ ಬಗ್ಗಿ ಪಕ್ಕದ ಪುಡಿ ಮಣ್ಣನ್ನು ಎಳೆದು, ಕೈಯಿಂದ ಒತ್ತಿ ಮುಚ್ಚಿ.