ಮೊದಲ ಕಾರಿಗೆ ನಾನು ಹಾಕಿಕೊಂಡ ಗೆರೆ: 2019ರ ಜುಲೈ

ಹಳೆಯ ಕಾರು ಕೊಳ್ಳಲು ಹೊರಟವರು ಬೆಲೆ ಕೇಳುತ್ತಾರೆ, ಮೈಲೇಜ್ ಕೇಳುತ್ತಾರೆ, ಎಷ್ಟನೇ ಮಾಲೀಕರು ಎಂದು ಕೇಳುತ್ತಾರೆ. ನಾನು ಫೋನ್ ಮಾಡಿದ ಎಲ್ಲರಿಗೂ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ‘ಆರ್‌ಸಿಯಲ್ಲಿ ತಯಾರಾದ ತಿಂಗಳು ಯಾವುದೆಂದು ಬರೆದಿದೆ?’ ಅದು 2019ರ ಜುಲೈಗಿಂತ ಹಿಂದಿನದಾಗಿದ್ದರೆ ಧನ್ಯವಾದ ಹೇಳಿ ಮಾತು ಮುಗಿಸುತ್ತಿದ್ದೆ. ಬೆಲೆ ಎಷ್ಟೇ ಕಡಿಮೆಯಿರಲಿ, ಕಾರು ಎಷ್ಟೇ ಹೊಳೆಯುತ್ತಿರಲಿ, ಅದನ್ನು ನೋಡಲು ಹೋಗುತ್ತಿರಲಿಲ್ಲ.

ಈ ಗೆರೆಗೆ ಕಾರಣವಿದೆ. ನಮ್ಮ ದೇಶದಲ್ಲಿ ಆಗಲೇ ಮಾರಾಟದಲ್ಲಿದ್ದ ಕಾರುಗಳಿಗೆ, ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಬ್ರೇಕ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಚಾಲಕರ ಏರ್‌ಬ್ಯಾಗ್, ಮುಂದಿನ ಸೀಟಿನವರಿಗೆ ಬೆಲ್ಟ್ ನೆನಪಿಸುವ ಸದ್ದು, ವೇಗದ ಎಚ್ಚರಿಕೆ, ಹಿಂದಕ್ಕೆ ತೆಗೆಯುವಾಗ ಸೂಚಿಸುವ ಸೆನ್ಸರ್ ಕಡ್ಡಾಯವಾದದ್ದು ಅದೇ ವರ್ಷದ ಜುಲೈ 1ರಿಂದ. ಅದಕ್ಕೂ ಮೊದಲು ಸಣ್ಣ ಕಾರುಗಳ ಅಗ್ಗದ ಆವೃತ್ತಿಗಳಲ್ಲಿ ಏರ್‌ಬ್ಯಾಗ್ ಇಲ್ಲದಿರುವುದೇ ಸಾಮಾನ್ಯವಾಗಿತ್ತು. ಒಂದೇ ಹೆಸರಿನ, ಒಂದೇ ಬಣ್ಣದ ಎರಡು ಕಾರುಗಳು ಅಕ್ಕಪಕ್ಕ ನಿಂತಿದ್ದರೆ ಹೊರಗಿನಿಂದ ಈ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಕಡ್ಡಾಯವಾಗಲು 2021ರ ಡಿಸೆಂಬರ್ ಕೊನೆಯವರೆಗೆ ಕಾಯಬೇಕಾಯಿತು. ಆದ್ದರಿಂದ ನನ್ನ ಗೆರೆಯ ಈಚೆಗಿನ ಕಾರಿನಲ್ಲಿಯೂ ಎಡಗಡೆ ಏರ್‌ಬ್ಯಾಗ್ ಇದೆಯೇ ಎಂದು ಬೇರೆಯಾಗಿಯೇ ನೋಡಬೇಕಿತ್ತು.

ಎಡಗಡೆ ಕೂರುವವರು ನನ್ನ ಅಪ್ಪಯ್ಯ. ನಮ್ಮ ಮನೆ ತೀರ್ಥಹಳ್ಳಿಯಲ್ಲಿ, ಅವರ ಹೃದಯದ ತಪಾಸಣೆ ಮಣಿಪಾಲದಲ್ಲಿ. ನಡುವೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಿವೆ. ಮಳೆಗಾಲದಲ್ಲಿ ಮಂಜು ಕವಿದು, ಮೇಲಿನಿಂದ ನೀರು ಹರಿದು, ರಸ್ತೆಯ ಮೇಲೆ ಎಲೆ ಕೊಳೆತು ಜಾರುತ್ತಿರುತ್ತದೆ. ಹೊಸದಾಗಿ ಕಾರು ಓಡಿಸುವವರು ಗಾಬರಿಯಾದಾಗ ಮಾಡುವುದು ಒಂದೇ, ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯುವುದು. ಎಬಿಎಸ್ ಇಲ್ಲದ ಕಾರಿನಲ್ಲಿ ಆಗ ಚಕ್ರ ಕಚ್ಚಿ ನಿಲ್ಲುತ್ತದೆ, ಸ್ಟೀರಿಂಗ್ ಎತ್ತ ತಿರುಗಿಸಿದರೂ ಕಾರು ನೇರವಾಗಿ ಜಾರುತ್ತದೆ. ಎಬಿಎಸ್ ಇದ್ದರೆ ಚಕ್ರ ಉರುಳುತ್ತಲೇ ಇರುತ್ತದೆ, ತಿರುಗಿಸಿದ ಕಡೆ ಕಾರು ತಿರುಗುತ್ತದೆ. ಇಪ್ಪತ್ತು ವರ್ಷ ಓಡಿಸಿ ಪಳಗಿದವರಿಗಿಂತ ನನ್ನಂಥವರಿಗೇ ಇದು ಹೆಚ್ಚು ಬೇಕು.

ಕಾಲೇಜಿನಲ್ಲಿ ನನ್ನ ಸಹೋದ್ಯೋಗಿಗಳು ಕೊಟ್ಟ ಸಲಹೆ ಇದಕ್ಕೆ ವಿರುದ್ಧವಾಗಿತ್ತು. ‘ಒಂದೂವರೆ ಲಕ್ಷಕ್ಕೆ ಯಾವುದಾದರೂ ಹಳೆಯ ಗಾಡಿ ತೆಗೆದುಕೊಳ್ಳಿ ಮೇಡಂ, ತಾಗಿಸಿ, ಗೀರಿಸಿ ಕಲಿತ ಮೇಲೆ ಒಳ್ಳೆಯದನ್ನು ಕೊಳ್ಳಿ’ ಎಂದರು. ಕಲಿಯುವವರಿಗೆ ಎಲ್ಲರೂ ಹೇಳುವ ಮಾತು ಇದು. ನನಗೆ ಇದು ಒಪ್ಪಿಗೆಯಾಗಲೇ ಇಲ್ಲ. ಬಂಪರ್‌ನ ಗೀರಿಗೆ ಕೆಲವು ಸಾವಿರ ಸಾಕು. ಕೈ ಪಳಗದ ಆ ಮೊದಲ ವರ್ಷದಲ್ಲಿಯೇ ಅತ್ಯಂತ ಕಡಿಮೆ ರಕ್ಷಣೆಯ ಕಾರಿನಲ್ಲಿ ಕೂರಬೇಕು ಎನ್ನುವುದರಲ್ಲಿ ನನಗೆ ಯಾವ ನ್ಯಾಯವೂ ಕಾಣಲಿಲ್ಲ. ಗೀರಿಸಿ ಕಲಿಯಲು ಡ್ರೈವಿಂಗ್ ಶಾಲೆಯ ಕಾರಿತ್ತು, ಅದರಲ್ಲಿಯೇ ಕಲಿತೆ.

ಬಜೆಟ್ ಐದು ಲಕ್ಷ. ಅದರಲ್ಲಿ ಐವತ್ತು ಸಾವಿರವನ್ನು ಕೊಂಡ ನಂತರದ ಕೆಲಸಕ್ಕೆಂದು ಮೊದಲೇ ಪಕ್ಕಕ್ಕಿಟ್ಟೆ. ಓಡಾಟ ಕಡಿಮೆಯಾದ್ದರಿಂದ ಡೀಸೆಲ್ ಬೇಡವೆಂದು ತೀರ್ಮಾನಿಸಿದೆ. ತಯಾರಕರೇ ಭಾರತದಲ್ಲಿ ಬಾಗಿಲು ಮುಚ್ಚಿದ ಕಾರುಗಳನ್ನೂ ಬಿಟ್ಟೆ. ಬಿಡಿಭಾಗ ಶಿವಮೊಗ್ಗದಲ್ಲಿ ಸಿಗಬೇಕು, ಅದಕ್ಕಾಗಿ ವಾರಗಟ್ಟಲೆ ಕಾಯುವ ಪರಿಸ್ಥಿತಿ ಮನೆಯಲ್ಲಿ ರೋಗಿಯಿರುವವರಿಗೆ ಸರಿಹೋಗುವುದಿಲ್ಲ.

ಉಳಿದವು ವ್ಯಾಗನ್ ಆರ್, ಸ್ಯಾಂಟ್ರೊ, ಸ್ವಿಫ್ಟ್, ಟಿಯಾಗೊ. ಗ್ಲೋಬಲ್ ಎನ್‌ಸಿಎಪಿ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ 2018ರ ಸ್ವಿಫ್ಟ್‌ಗೆ ಐದರಲ್ಲಿ ಎರಡು ನಕ್ಷತ್ರ, 2019ರಲ್ಲಿ ಹೊಸ ವ್ಯಾಗನ್ ಆರ್ ಮತ್ತು ಸ್ಯಾಂಟ್ರೊಗೆ ತಲಾ ಎರಡು ನಕ್ಷತ್ರ ಬಂದಿದ್ದವು. 2020ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಟಿಯಾಗೊಗೆ ದೊಡ್ಡವರ ರಕ್ಷಣೆಗೆ ನಾಲ್ಕು, ಮಕ್ಕಳ ರಕ್ಷಣೆಗೆ ಮೂರು. ಅದೇ ತಿಂಗಳು ಬಂದ, ಹೊಸ ಮಾಲಿನ್ಯ ಮಾನದಂಡವಾದ ಬಿಎಸ್6ಕ್ಕೆ ಒಪ್ಪುವ ಟಿಯಾಗೊದ ಎಲ್ಲ ಆವೃತ್ತಿಗಳಲ್ಲಿಯೂ ಎರಡು ಏರ್‌ಬ್ಯಾಗ್ ಇದ್ದವು.

ಕಾಗದದ ಮೇಲೆ ಇಷ್ಟು ಸುಲಭ. ಆದರೆ ಅಪ್ಪಯ್ಯನಿಗೆ ಮೊಣಕಾಲು ನೋವಿದೆ. ವ್ಯಾಗನ್ ಆರ್‌ನ ಸೀಟು ಎತ್ತರದಲ್ಲಿದೆ. ಬಗ್ಗದೆ, ಇಳಿಯದೆ, ಕುರ್ಚಿಯ ಮೇಲೆ ಕೂತ ಹಾಗೆ ಕೂರಬಹುದು. ಟಿಯಾಗೊದಲ್ಲಿ ಸ್ವಲ್ಪ ಕೆಳಕ್ಕೆ ಕುಸಿದು ಕೂರಬೇಕು, ಏಳುವಾಗ ಕೈಯೂರಬೇಕು. ನೆಂಟರ ವ್ಯಾಗನ್ ಆರ್, ನೆರೆಯವರ ಟಿಯಾಗೊ ಎರಡರಲ್ಲಿಯೂ ಅವರನ್ನು ಕೂರಿಸಿ, ಇಳಿಸಿ ನೋಡಿದೆ. ಅಪ್ಪಯ್ಯನಿಗೆ ವ್ಯಾಗನ್ ಆರ್ ಹಿಡಿಸಿತು. ದಿನವೂ ಹತ್ತಿ ಇಳಿಯುವ ಹಿರಿಯರಿರುವ ಮನೆಗೆ ಅದೇ ಸರಿಯಾದ ಕಾರು ಎಂದು ಇಂದಿಗೂ ಹೇಳುತ್ತೇನೆ. ಆದರೆ ನಮ್ಮಲ್ಲಿ ಅವರು ಕಾರು ಹತ್ತುವುದು ತಪಾಸಣೆಗೆ, ಮದುವೆ ಮುಂಜಿಗೆ, ಅಪರೂಪಕ್ಕೊಮ್ಮೆ ತೋಟಕ್ಕೆ. ಹಾಗೆ ಹತ್ತಿದ ದಿನವೆಲ್ಲ ದೂರದ ಪ್ರಯಾಣ, ಹೆಚ್ಚಿನದು ಘಾಟಿಯಲ್ಲಿ. ‘ಏಳುವಾಗ ನಾನು ಕೈ ಕೊಡುತ್ತೇನೆ ಅಪ್ಪಯ್ಯ, ನಾಲ್ಕು ನಕ್ಷತ್ರದ್ದನ್ನೇ ತೆಗೆದುಕೊಳ್ಳೋಣ’ ಎಂದೆ. ಸೀಟಿನ ಮೇಲೆ ಗಟ್ಟಿಯಾದ ದಿಂಬೊಂದನ್ನು ಹಾಕಿಕೊಡಬೇಕೆಂಬ ಷರತ್ತಿನೊಂದಿಗೆ ಒಪ್ಪಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಹಿಂದಿನ ಮಾನದಂಡದ, ಅಂದರೆ ಬಿಎಸ್4 ಕಾರುಗಳ ಮಾರಾಟಕ್ಕೆ 2020ರ ಮಾರ್ಚ್ 31 ಕೊನೆಯ ದಿನವಾಗಿತ್ತು. ಹೀಗಾಗಿ ‘2020ರ ಮಾಡೆಲ್’ ಎಂದು ತೋರಿಸುವ ಕೆಲವು ಕಾರುಗಳು ನಿಜವಾಗಿ 2019ರಲ್ಲಿ ತಯಾರಾಗಿ, ಅಂಗಡಿಯಲ್ಲಿ ಉಳಿದು, 2020ರಲ್ಲಿ ನೋಂದಣಿಯಾದವು. ಮಾರುವವರು ನೋಂದಣಿಯ ವರ್ಷ ಹೇಳುತ್ತಾರೆ. ಆರ್‌ಸಿಯಲ್ಲಿ ನೋಂದಣಿಯ ದಿನಾಂಕ ಬೇರೆ, ತಯಾರಿಕೆಯ ತಿಂಗಳು ಬೇರೆ, ಮಾಲಿನ್ಯ ಮಾನದಂಡದ ಸಾಲು ಬೇರೆ. ಮೂರನ್ನೂ ಓದದೆ ನಾನು ಯಾವ ಕಾರಿನ ಬಳಿಗೂ ಹೋಗಲಿಲ್ಲ. ಹಾಳೆಯ ಫೋಟೊ ಕಳುಹಿಸಲು ಹಿಂದೆಮುಂದೆ ನೋಡಿದವರನ್ನು ಮತ್ತೆ ಕೇಳಲೂ ಇಲ್ಲ.

ಕಾರು ನೋಡಲು ಹೋಗುವಾಗ ನಮ್ಮೂರಿನ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋದೆ. ಅವರ ಆ ದಿನದ ಗ್ಯಾರೇಜ್ ಸಂಪಾದನೆಯಷ್ಟನ್ನು ಮೊದಲೇ ಕೊಟ್ಟಿದ್ದೆ. ‘ವ್ಯಾಪಾರ ಕುದುರಿದರೆ ಏನಾದರೂ ಕೊಡಿ’ ಎನ್ನುವ ಒಪ್ಪಂದದಲ್ಲಿ ನನಗೆ ನಂಬಿಕೆಯಿಲ್ಲ. ಕಾರು ಬೇಡ ಎಂದು ಹೇಳುವ ಸ್ವಾತಂತ್ರ್ಯ ಅವರಿಗಿರಬೇಕು.

ಏರ್‌ಬ್ಯಾಗ್ ಇದೆ ಎನ್ನುವುದು ಬೇರೆ, ಅದು ಕೆಲಸ ಮಾಡುತ್ತದೆ ಎನ್ನುವುದು ಬೇರೆ. ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗನ್ನು ಬದಲಿಸುವುದು ದುಬಾರಿ. ಹಾಗಾಗಿ ಅಪಘಾತವಾದ ಕಾರನ್ನು ಟಿಂಕರಿಂಗ್ ಮಾಡಿಸಿ, ಬಣ್ಣ ಹೊಡೆಸಿ, ಏರ್‌ಬ್ಯಾಗ್ ಇರಬೇಕಾದ ಜಾಗವನ್ನು ಖಾಲಿ ಬಿಟ್ಟು ಮಾರುವವರಿದ್ದಾರೆ. ಇದನ್ನು ಹಿಡಿಯುವ ಮೊದಲ ದಾರಿ ತೀರಾ ಸರಳ. ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವು ಸೆಕೆಂಡ್ ಇದ್ದು, ಆರಬೇಕು. ಆರದೆ ಉಳಿದರೆ ದೋಷವಿದೆ. ಹೊತ್ತಲೇ ಇಲ್ಲವೆಂದರೆ ಇನ್ನೂ ಕೆಟ್ಟದ್ದು: ದೋಷ ಕಾಣಬಾರದೆಂದು ದೀಪವನ್ನೇ ಯಾರೋ ಕತ್ತರಿಸಿರಬಹುದು. ಒಂದು ಕಡೆ ಹೊಳೆಯುವ ಕೆಂಪು ಕಾರೊಂದರಲ್ಲಿ ಉಳಿದ ದೀಪಗಳೆಲ್ಲ ಹೊತ್ತಿದವು, ಅದೊಂದು ಹೊತ್ತಲಿಲ್ಲ. ‘ಬಲ್ಬ್ ಹೋಗಿದೆ’ ಎಂದು ಮಾರುವವರು ಹೇಳಿದರು. ಮೆಕ್ಯಾನಿಕ್ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಬಿಟ್ಟರು, ಅದು ಅರ್ಧಕ್ಕೇ ನಿಂತಿತು. ಡಿಕ್ಕಿಯಾದಾಗ ಬೆಲ್ಟನ್ನು ಬಿಗಿಯುವ ಸಾಧನವೂ ಏರ್‌ಬ್ಯಾಗ್ ಜೊತೆಗೇ ಸಿಡಿಯುತ್ತದೆ, ಆಮೇಲೆ ಬೆಲ್ಟ್ ಸರಾಗವಾಗಿ ಒಳಸೇರುವುದಿಲ್ಲ. ಮುಂದಿನ ನಂಬರ್ ಪ್ಲೇಟ್ ಕೂಡ ಸಾಮಾನ್ಯದ್ದಾಗಿತ್ತು. 2019ರ ಏಪ್ರಿಲ್ ನಂತರದ ಕಾರುಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಹೊಸದರಲ್ಲಿಯೇ ಬಂದಿರುತ್ತದೆ. ಮುಂದಿನದು ಮಾತ್ರ ಬದಲಾಗಿದ್ದರೆ ಮುಂಭಾಗಕ್ಕೆ ಏನಾಯಿತು ಎಂದು ಕೇಳಲೇಬೇಕು. ನಾವು ಕೇಳಿದೆವು, ಸಮಾಧಾನದ ಉತ್ತರ ಸಿಗಲಿಲ್ಲ, ಹೊರಟು ಬಂದೆವು.

ಇನ್ನೊಂದು ಉಡುಪಿ ನೋಂದಣಿಯ ಕಾರು, ಒಳಗೆ ಹೊಸದರಂತಿತ್ತು. ಹಿಂದಿನ ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ತೆಗೆದರೆ ಅಡಿಯ ಗುಂಡಿಯಲ್ಲಿ ತುಕ್ಕು ಪದರ ಪದರವಾಗಿ ಏಳುತ್ತಿತ್ತು. ಕಡಲ ತೀರದ ಉಪ್ಪುಗಾಳಿ ಕಾರನ್ನು ಕೆಳಗಿನಿಂದ ತಿನ್ನುತ್ತದೆ. ಕರಾವಳಿಯ ಕಾರೆಂದರೆ ಬೇಡವೇ ಬೇಡ ಎಂದಲ್ಲ, ಆದರೆ ಅದನ್ನು ರ‍್ಯಾಂಪ್ ಮೇಲೆ ಏರಿಸಿ ಅಡಿಭಾಗ ನೋಡದೆ ಮುಂಗಡ ಕೊಡಬಾರದು. ನಮ್ಮ ಮಲೆನಾಡಿನ ಕಾರುಗಳಿಗೆ ಬೇರೆ ಕಾಟ. ಅಡಿಕೆ ಮನೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲುವ ಕಾರಿನ ಬಾನೆಟ್ ಒಳಗೆ ಇಲಿ ಗೂಡು ಕಟ್ಟಿ ವೈರ್ ಕಡಿಯುತ್ತದೆ. ವೈರುಗಳ ಮೇಲೆ ಹೊಸದಾಗಿ ಸುತ್ತಿದ ಕಪ್ಪು ಟೇಪ್ ಕಂಡರೆ ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೈಯಿಂದ ಮುಟ್ಟಿ ನೋಡಬೇಕು. ಏರ್‌ಬ್ಯಾಗ್, ಎಬಿಎಸ್ ಎರಡೂ ನಡೆಯುವುದು ಅಂಥ ವೈರುಗಳ ಮೇಲೆಯೇ.

ಕೊನೆಗೆ ಒಪ್ಪಿಗೆಯಾದದ್ದು ಶಿವಮೊಗ್ಗದ ವಿನೋಬನಗರದ ದಂಪತಿಯ ಬೂದು ಬಣ್ಣದ ಟಿಯಾಗೊ. ತಯಾರಾದದ್ದು 2020ರಲ್ಲಿ, ಬಿಎಸ್6 ಪೆಟ್ರೋಲ್, ಒಬ್ಬರೇ ಮಾಲೀಕರು. ಬೆಳಗ್ಗೆ ನಾವು ಬರುವ ತನಕ ಕಾರನ್ನು ಚಾಲೂ ಮಾಡಬೇಡಿ ಎಂದು ಕೇಳಿಕೊಂಡಿದ್ದೆವು. ಬಾನೆಟ್ ಮೇಲೆ ಕೈಯಿಟ್ಟರೆ ತಣ್ಣಗಿತ್ತು. ಬಿಸಿಯಾದ ಎಂಜಿನ್ ಎಷ್ಟೋ ಸದ್ದುಗಳನ್ನು ಮುಚ್ಚಿಡುತ್ತದೆ. ನಿಂತಲ್ಲಿ ಸಣ್ಣ ನಡುಕವಿತ್ತು, ಮೂರು ಸಿಲಿಂಡರ್ ಎಂಜಿನ್‌ಗೆ ಅದು ಸಹಜ. ಆಯಿಲ್ ಮುಚ್ಚಳದ ಒಳಗೆ ಬಿಳಿ ಕೆನೆಯಿರಲಿಲ್ಲ, ಹಿಂದೆ ನೀಲಿ ಹೊಗೆಯಿರಲಿಲ್ಲ. ಬಾಗಿಲಿನ ರಬ್ಬರ್ ಬೀಡಿಂಗ್ ಬಿಡಿಸಿ ನೋಡಿದಾಗ ಕಾರ್ಖಾನೆಯ ವೆಲ್ಡಿಂಗ್ ಚುಕ್ಕೆಗಳು ಸಮನಾಗಿದ್ದವು. ಬಾನೆಟ್ ಬೋಲ್ಟುಗಳ ಬಣ್ಣ ಕೆದರಿರಲಿಲ್ಲ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಆರಿತು. ಹಾಗೆಯೇ ಎಬಿಎಸ್ ದೀಪವೂ. ನಂತರ ಗಾಜನೂರು ಕಡೆಗೆ ಹೋಗಿ, ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ ನಲವತ್ತರ ವೇಗದಲ್ಲಿ ಮೆಕ್ಯಾನಿಕ್ ಬ್ರೇಕನ್ನು ಗಟ್ಟಿಯಾಗಿ ಒತ್ತಿದರು. ಎಬಿಎಸ್ ಕೆಲಸ ಮಾಡುತ್ತಿರುವುದರ ಗುರುತಾಗಿ ಪೆಡಲ್ ಅವರ ಕಾಲಿನಡಿ ಅದುರಿತು, ಕಾರು ಪಕ್ಕಕ್ಕೆ ಎಳೆಯದೆ ನೇರವಾಗಿ ನಿಂತಿತು.

ಓಡಿದ್ದು ಮೂವತ್ತೆಂಟು ಸಾವಿರ ಕಿಲೋಮೀಟರ್ ಎಂದು ಮೀಟರ್ ತೋರಿಸುತ್ತಿತ್ತು. ಮೀಟರನ್ನು ಹಿಂದಕ್ಕೆ ತಿರುಗಿಸುವುದು ಕಷ್ಟವೇನಲ್ಲ, ಆದ್ದರಿಂದ ಅದನ್ನು ಬೇರೆ ಸಾಕ್ಷಿಗಳೊಂದಿಗೆ ತಾಳೆ ನೋಡಿದೆವು. ಮಾಲೀಕರ ಸಮ್ಮುಖದಲ್ಲಿಯೇ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ದಾಖಲೆ ತೆಗೆಸಿದೆವು, ಪ್ರತಿ ಸರ್ವಿಸ್‌ನಲ್ಲಿಯೂ ಸಂಖ್ಯೆ ಕ್ರಮವಾಗಿ ಏರಿತ್ತು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಾಲ್ಕೂ ಟೈರುಗಳು ಕಾರಿನಷ್ಟೇ ಹಳೆಯವು, ಸವೆತ ಮೀಟರಿಗೆ ಒಪ್ಪುವಂತಿತ್ತು. ಆದರೆ ವಯಸ್ಸಾಗಿ ರಬ್ಬರ್ ಗಟ್ಟಿಯಾಗಿತ್ತು. ಟೈರಿನ ಈ ವಯಸ್ಸನ್ನೇ ಮುಂದಿಟ್ಟು ಚೌಕಾಸಿ ಮಾಡಿದೆ, ಹದಿನೈದು ಸಾವಿರ ಇಳಿಸಿದರು.

ಹಣ ಕೊಡುವ ಮೊದಲು ಸಾರಿಗೆ ಇಲಾಖೆಯ ಪರಿವಹನ್ ಜಾಲತಾಣದಲ್ಲಿ ನೋಡಿದಾಗ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇತ್ತು. ಸಾಲ ತೀರಿದ್ದರೂ ಅದನ್ನು ತೆಗೆಸಿರಲಿಲ್ಲ. ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಫಾರ್ಮ್ 35 ಕೊಟ್ಟು ಅದನ್ನು ತೆಗೆಸುವ ತನಕ ನಾನು ಸಣ್ಣ ಮುಂಗಡ ಮಾತ್ರ ಕೊಟ್ಟು ಕಾದೆ. ಅವರಿಗೆ ಸ್ವಲ್ಪ ಬೇಸರವಾಯಿತು, ಆದರೆ ಈ ಕ್ರಮವನ್ನು ಯಾರಿಗಾಗಿಯೂ ಬದಲಿಸಬಾರದು. ಬಾಕಿಯಿದ್ದ ಸಂಚಾರ ದಂಡವನ್ನು ಅವರೇ ಕಟ್ಟಿದರು. ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ, ಶಿವಮೊಗ್ಗ ಆರ್‌ಟಿಒದಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಟ್ಟೆವು. ಕರ್ನಾಟಕದ ಕಾರಾದ್ದರಿಂದ ಜೀವಿತಾವಧಿ ತೆರಿಗೆಯನ್ನು ಮತ್ತೆ ಕಟ್ಟಬೇಕಿರಲಿಲ್ಲ. ಹೊರರಾಜ್ಯದ ಕಾರು ಅಗ್ಗವೆಂದು ತರುವವರು ಈ ತೆರಿಗೆಯನ್ನು ಲೆಕ್ಕಕ್ಕೆ ಸೇರಿಸಿಕೊಂಡೇ ಹೋಲಿಸಬೇಕು.

ವಿಮೆಯ ವಿಷಯವನ್ನು ಯಾರೂ ನನಗೆ ಸ್ಪಷ್ಟವಾಗಿ ಹೇಳಿರಲಿಲ್ಲ, ಪಾಲಿಸಿ ಓದಿ ತಿಳಿದುಕೊಂಡೆ. ಕಾರು ಕೈ ಬದಲಾದಾಗ, ಬೇರೆಯವರಿಗೆ ಆಗುವ ಹಾನಿಯ ಥರ್ಡ್ ಪಾರ್ಟಿ ವಿಮೆ ಹೊಸ ಮಾಲೀಕರಿಗೆ ತಾನಾಗಿ ಬರುತ್ತದೆ. ಆದರೆ ನಮ್ಮ ಕಾರಿಗೇ ಆಗುವ ಹಾನಿಯ ಭಾಗ ಬರಬೇಕೆಂದರೆ ಹದಿನಾಲ್ಕು ದಿನಗಳೊಳಗೆ ಪಾಲಿಸಿಯ ಹೆಸರು ಬದಲಿಸಲು ಅರ್ಜಿ ಕೊಡಬೇಕು. ಹಳೆಯ ಮಾಲೀಕರು ಕ್ಲೇಮ್ ಮಾಡದೆ ಗಳಿಸಿದ ರಿಯಾಯಿತಿ ಕಾರಿನದ್ದಲ್ಲ, ಅವರದ್ದು. ಅದರ ವ್ಯತ್ಯಾಸದ ಹಣವನ್ನು ನಾನು ಕಟ್ಟಿದೆ.

ಪಕ್ಕಕ್ಕಿಟ್ಟ ಐವತ್ತು ಸಾವಿರದಲ್ಲಿ ದೊಡ್ಡ ಪಾಲು ನಾಲ್ಕು ಹೊಸ ಟೈರುಗಳಿಗೆ ಹೋಯಿತು. ಎಬಿಎಸ್ ಎಷ್ಟೇ ಚೆನ್ನಾಗಿದ್ದರೂ ನೆಲ ಹಿಡಿಯುವುದು ಟೈರು, ಗಟ್ಟಿಯಾದ ರಬ್ಬರಿನಲ್ಲಿ ಘಾಟಿ ಇಳಿಯುವ ಧೈರ್ಯ ನನಗಿರಲಿಲ್ಲ. ಬ್ರೇಕ್ ಆಯಿಲ್, ಕೂಲಂಟ್, ಎಂಜಿನ್ ಆಯಿಲ್ ಬದಲಿಸಿ, ಮುಂದಿನ ಬ್ರೇಕ್ ಪ್ಯಾಡ್ ಹೊಸದು ಹಾಕಿಸಿ, ವೈಪರ್ ಬ್ಲೇಡುಗಳನ್ನೂ ಬದಲಿಸಿದೆ. ಬಾನೆಟ್ ಒಳಗೆ ಇಲಿ ಬಾರದಂತೆ ಜಾಲರಿ ಹಾಕಿಸಿದೆ. ಉಳಿದ ಹಣವನ್ನು ಬ್ಯಾಟರಿಗೆಂದು ಇಟ್ಟಿದ್ದೇನೆ. ಹಾಕಿಸಿ ನಾಲ್ಕನೇ ವರ್ಷ ನಡೆಯುತ್ತಿರುವ ಅದನ್ನು ಈ ಮಳೆಗಾಲಕ್ಕೆ ಮುಂಚೆಯೇ ಬದಲಿಸುತ್ತೇನೆ.