ನಿಲ್ದಾಣದ ಪಕ್ಕದ ಗಾಳಿಯನ್ನು ಅಳೆಯುವುದು ಹೇಗೆ?

ಬಸ್ ನಿಲ್ದಾಣ ಅಥವಾ ಲಾರಿ ತಂಗುದಾಣದ ಪಕ್ಕದಲ್ಲಿ ವಾಸಿಸುವವರು ಅಂಗೈಯಗಲದ ಮಾಪಕವೊಂದನ್ನು ಕೊಂಡು, ಗೇಟಿನ ಬಳಿ ಹತ್ತು ನಿಮಿಷ ಹಿಡಿದು, ಕಂಡ ಅಂಕಿಯ ಫೋಟೊ ಲಗತ್ತಿಸಿ ದೂರು ಬರೆಯುವುದನ್ನು ಪದೇ ಪದೇ ಕಾಣುತ್ತೇನೆ. ಈ ಮಾಲಿನ್ಯ ನಿಲ್ದಾಣದ್ದೇ ಎಂಬುದಕ್ಕೆ ಆಧಾರವೇನು ಎಂದು ಅಧಿಕಾರಿಯೊಬ್ಬರು ಕೇಳಿದರೆ ಆ ದೂರು ಅಲ್ಲಿಗೇ ಬಿದ್ದುಹೋಗುತ್ತದೆ. ಊರಿನ ಗಾಳಿಯಲ್ಲಿ ಹೇಗೂ ಇರುವ ಮಾಲಿನ್ಯವನ್ನು ಕಳೆದ ಮೇಲೆ ಉಳಿಯುವುದಷ್ಟೇ ನಿಲ್ದಾಣದ ಪಾಲು.

ಮೊದಲು, ಏನನ್ನು ಅಳೆಯಬೇಕೆಂದು ತೀರ್ಮಾನಿಸಿ. ಡೀಸೆಲ್ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಆದರೆ ಆಗತಾನೇ ಹೊರಬಿದ್ದ ಹೊಗೆಯ ಕಣಗಳಲ್ಲಿ ಹೆಚ್ಚಿನವು 0.1 ಮೈಕ್ರೋಮೀಟರ್‌ಗಿಂತ ಚಿಕ್ಕವು. ಅಗ್ಗದ ಲೇಸರ್ ಮಾಪಕಗಳಿಗೆ ಸುಮಾರು 0.3 ಮೈಕ್ರೋಮೀಟರ್‌ಗಿಂತ ಸಣ್ಣ ಕಣ ಕಾಣಿಸುವುದೇ ಇಲ್ಲ. ಆದ್ದರಿಂದ ಪಿಎಂ 2.5 (2.5 ಮೈಕ್ರೋಮೀಟರ್ ಮತ್ತು ಅದಕ್ಕಿಂತ ಸಣ್ಣ ಕಣಗಳು) ಮಾಪಕವೊಂದನ್ನೇ ನಂಬದೆ, ಡೀಸೆಲ್ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಅನಿಲವನ್ನು ಹೀರಿಕೊಳ್ಳುವ ಡಿಫ್ಯೂಷನ್ ಟ್ಯೂಬ್‌ಗಳನ್ನೂ ತರಿಸಿಕೊಳ್ಳಿ. ಎರಡರಿಂದ ನಾಲ್ಕು ವಾರ ತೂಗುಹಾಕಿ ಪ್ರಯೋಗಾಲಯಕ್ಕೆ ಕಳುಹಿಸಿದರೆ ಆ ಅವಧಿಯ ಸರಾಸರಿ ಸಿಗುತ್ತದೆ. ದೂಳು, ಫಾರ್ಮಾಲ್ಡಿಹೈಡ್, ಕಾರ್ಬನ್ ಡೈಆಕ್ಸೈಡ್ ಎಲ್ಲವನ್ನೂ ಒಂದೇ ಪರದೆಯಲ್ಲಿ ತೋರಿಸುವ ಅಗ್ಗದ ಪೆಟ್ಟಿಗೆಗಳನ್ನು ಮಾತ್ರ ಕೊಳ್ಳಬೇಡಿ. ಅವುಗಳಲ್ಲಿ ಹಲವು ಕಾರ್ಬನ್ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ, ಬೇರೆ ಅನಿಲಗಳ ಸುಳಿವಿನಿಂದ ಅಂದಾಜು ಮಾಡುತ್ತವೆ.

ಜನ ಎಡವುವುದು ಮುಂದಿನ ಹಂತದಲ್ಲಿ. ಕನಿಷ್ಠ ಮೂರು ಮಾಪಕಗಳು ಬೇಕು; ಅವನ್ನು ಬೇರೆ ಬೇರೆ ಜಾಗಗಳಿಗೆ ಒಯ್ಯುವ ಮೊದಲು ಒಂದು ವಾರ ಒಂದೇ ಕಡೆ, ಒಂದೇ ನೆರಳಿನಲ್ಲಿ, ಅಕ್ಕಪಕ್ಕ ಇಡಬೇಕು. ಒಂದೇ ಕಂಪನಿಯ ಎರಡು ಮಾಪಕಗಳು ಒಂದೇ ಗಾಳಿಗೆ ಬೇರೆ ಬೇರೆ ಅಂಕಿ ಕೊಡುವುದು ಸಾಮಾನ್ಯ: ಒಂದು 40 ಎನ್ನುವಾಗ ಇನ್ನೊಂದು 50 ಎನ್ನುತ್ತಿದ್ದರೆ, ಆ ವ್ಯತ್ಯಾಸವನ್ನು ಸರಿಪಡಿಸದೆ ಎರಡನೆಯದನ್ನು ನಿಲ್ದಾಣದ ಬಳಿ ಇಟ್ಟವರು ನಿಲ್ದಾಣದ ತಲೆಗೆ ಇಲ್ಲದ ಮಾಲಿನ್ಯವನ್ನು ಕಟ್ಟಿದಂತಾಗುತ್ತದೆ. ಸರಾಸರಿಗಳ ಅನುಪಾತವನ್ನು ಬರೆದಿಟ್ಟುಕೊಂಡು ಮುಂದಿನ ಎಲ್ಲ ಅಂಕಿಗಳಿಗೂ ಅನ್ವಯಿಸಿ. ಅಳತೆ ಮುಗಿದ ಮೇಲೆ ಮತ್ತೊಮ್ಮೆ ಒಟ್ಟಿಗಿಟ್ಟು ಅನುಪಾತ ಜಾರಿದೆಯೇ ಎಂದು ನೋಡಿ. ಮಾಪಕಗಳ ಗಡಿಯಾರಗಳೂ ಒಂದೇ ಸಮಯ ತೋರಿಸಬೇಕು, ಏಕೆಂದರೆ ಅರ್ಧ ಗಂಟೆಯ ಅಂತರವಿದ್ದರೂ ಬಸ್ಸುಗಳ ದಟ್ಟಣೆಯ ಹೊತ್ತಿಗೂ ಅಂಕಿಯ ಏರಿಕೆಗೂ ತಾಳೆಯಾಗುವುದಿಲ್ಲ. ತೇವಾಂಶವನ್ನೂ ದಾಖಲಿಸಿ: ಮಂಜು ಕವಿದ ಮುಂಜಾನೆ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ, ಲೇಸರ್ ಮಾಪಕ ಆ ನೀರನ್ನೂ ಮಾಲಿನ್ಯವೆಂದೇ ಲೆಕ್ಕಹಾಕುತ್ತದೆ.

ಇನ್ನು ಸ್ಥಳ. ಒಂದು ಮಾಪಕ ಪ್ರಯಾಣಿಕರು ಕಾಯುವಲ್ಲಿ, ಒಂದು ನೂರು ಮೀಟರ್ ಆಚೆಯ ಮನೆಯ ಬಳಿ, ಮೂರನೆಯದು ಅರ್ಧ ಕಿಲೋಮೀಟರಿಗಿಂತ ದೂರದ, ದೊಡ್ಡ ರಸ್ತೆಯಿಲ್ಲದ ಕಡೆ ಇರಲಿ. ಎಲ್ಲವೂ ಒಂದೇ ಎತ್ತರದಲ್ಲಿರಬೇಕು, ಒಲೆ ಮತ್ತು ಜನರೇಟರಿನಿಂದ ದೂರವಿರಬೇಕು. ಗಾಳಿ ಬೀಸುವ ದಿಕ್ಕನ್ನು ಗಂಟೆಗಂಟೆಗೂ ಬರೆದಿಡಿ.

ಫಲಿತಾಂಶವನ್ನು ಓದುವಾಗ ಮೂರನೆಯ ಮಾಪಕದ ಅಂಕಿಯನ್ನು ಉಳಿದೆರಡರಿಂದ ಕಳೆಯಿರಿ. ಗಾಳಿ ನಿಲ್ದಾಣದ ಕಡೆಯಿಂದ ಬೀಸಿದ ಗಂಟೆಗಳಲ್ಲಿ ಶೇಷ ಹೆಚ್ಚಿದ್ದು, ಎದುರು ದಿಕ್ಕಿನಿಂದ ಬೀಸಿದಾಗ ಕುಸಿದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ ಪಿಎಂ 2.5ರ 24 ಗಂಟೆಗಳ ಮಿತಿ ಘನಮೀಟರಿಗೆ 15 ಮೈಕ್ರೋಗ್ರಾಂ, ನೈಟ್ರೋಜನ್ ಡೈಆಕ್ಸೈಡಿನದು 25. ಹತ್ತು ನಿಮಿಷದ ರೀಡಿಂಗನ್ನು ಇವುಗಳೊಂದಿಗೆ ಹೋಲಿಸುವುದು ತಪ್ಪು.

ಬೀದಿಯ ಕೆಮ್ಮುಗಳನ್ನು ಎಣಿಸಿ ವರದಿಗೆ ಸೇರಿಸುವ ಆಸೆಯನ್ನು ಬಿಡಿ. ವಾಹನಗಳ ಹೊಗೆಗೂ ಆಸ್ತಮಾ ಉಲ್ಬಣಕ್ಕೂ ಹೃದ್ರೋಗಕ್ಕೂ ಇರುವ ನಂಟು ಕಂಡುಬಂದಿರುವುದು ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ. ಹತ್ತು ಮನೆಗಳ ಎಣಿಕೆ ಅದಕ್ಕೆ ಏನನ್ನೂ ಸೇರಿಸದು, ನಿಮ್ಮ ಒಳ್ಳೆಯ ಅಳತೆಯನ್ನೂ ಹಗುರಗೊಳಿಸುತ್ತದೆ. ಬದಲಿಗೆ, ನಿಂತ ಬಸ್ಸುಗಳ ಎಂಜಿನ್ ಆರಿಸುವುದು, ಕಾಯುವ ಜಾಗವನ್ನು ಹೊಗೆಕೊಳವೆಗಳಿಂದ ದೂರ ಸರಿಸುವುದು ಮುಂತಾದ ಸ್ಪಷ್ಟ ಬೇಡಿಕೆಯಿಡಿ. ವಿದ್ಯುತ್ ಬಸ್ಸುಗಳು ಬಂದರೆ ಹೊಗೆ ನಿಲ್ಲುತ್ತದೆ, ಬ್ರೇಕ್, ಟೈರ್ ಮತ್ತು ರಸ್ತೆಯ ದೂಳು ನಿಲ್ಲುವುದಿಲ್ಲ. ಬದಲಾವಣೆಯಾದ ಬಳಿಕ ಅವೇ ಮಾಪಕಗಳಿಂದ, ಅವೇ ಜಾಗಗಳಲ್ಲಿ, ಅದೇ ಋತುವಿನಲ್ಲಿ ಮರು ಅಳತೆ ಮಾಡಿ.